ಡಬ್ಬಿ ಮೇಷ್ಟ್ರ ‘ಇಲ್ಲ’

ನಮ್ಮ ಕಂಪ್ಯೂಟರ್ ತರಬೇತಿ ಕೇಂದ್ರದ ಮೆಟ್ಟಿಲು ಹತ್ತಬೇಕಾದರೆ ಮೊದಲು ಕೆಳಗಿನ ಕನ್ನಡಕದ ಅಂಗಡಿಯವನನ್ನು ದಾಟಬೇಕು. ಬಂದವರೆಲ್ಲ ತನ್ನ ಗಿರಾಕಿಗಳೇ ಎಂದು ಅವನು ಎದ್ದು ನಿಲ್ಲುತ್ತಾನೆ, ಅವರು ಮೆಟ್ಟಿಲ ಕಡೆ ತಿರುಗಿದ ಕೂಡಲೇ ಮುಖ ಹುಳ್ಳಗೆ ಮಾಡಿಕೊಂಡು ಕೂರುತ್ತಾನೆ. ಮೆಟ್ಟಿಲು ಮುಗಿಯುವಲ್ಲಿ ಒಂದು ಮೇಜು, ಒಂದು ಫೋನು, ಒಂದು ಬೀಗದ ಕೈ ಗೊಂಚಲು, ಅದರ ಹಿಂದೆ ನಾನು. ಹೆಸರಿಗೆ ರಿಸೆಪ್ಷನಿಸ್ಟು. ಫೀಸಿನ ರಸೀದಿ ಹರಿಯುವುದು, ನೀರಿನ ಕ್ಯಾನ್ ತರಿಸುವುದು, ಕರೆಂಟ್ ಹೋದರೆ ನಾನೇ ಊದಿ ಆರಿಸಿದೆನೇನೋ ಎಂಬಂತೆ ಬೈಸಿಕೊಳ್ಳುವುದು, ಎಲ್ಲವೂ ನನ್ನ ಪಾಲಿನದು. ಇಲ್ಲಿ ಕೂತವರು ಕಿವಿ ಮುಚ್ಚಿಕೊಳ್ಳುವ ಹಾಗಿಲ್ಲ. ಒಳಗಿನ ಪಾಠವೂ ಕೇಳುತ್ತದೆ, ಹೊರಗಿನ ಫೋನೂ ಕೇಳುತ್ತದೆ. ಡಬ್ಬಿ ಮೇಷ್ಟ್ರ ವಿಷಯ ನನಗೆ ಗೊತ್ತಾದದ್ದು ಹಾಗೆ, ಕೆದಕಿ ತಿಳಿದದ್ದಲ್ಲ. ಸ್ವಲ್ಪ ಕೆದಕಿದ್ದೂ ಉಂಟು, ಸುಳ್ಳು ಯಾಕೆ ಹೇಳಲಿ.

ಮೇಷ್ಟ್ರಿಗೆ ಐವತ್ತು ದಾಟಿದೆ. ತೋಳಿನ ಗುಂಡಿ ಹಾಕಿಕೊಂಡ ತುಂಬು ತೋಳಿನ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಅದರಲ್ಲಿ ಒಂದು ಬರೆಯುವುದಿಲ್ಲ. "ಬರೀದೇ ಇರೋದನ್ನ ಯಾಕೆ ಇಟ್ಕೊಂಡಿದೀರಾ ಸಾರ್?" ಎಂದು ಒಮ್ಮೆ ಕೇಳಿದ್ದಕ್ಕೆ, "ಇನ್ನೊಂದಕ್ಕೆ ಜೊತೆಗಿರಲಿ ಬಿಡಮ್ಮ" ಎಂದಿದ್ದರು. ನಾನು ನಕ್ಕೆ. ಅವರು ನಗಲಿಲ್ಲ.

ದೊಡ್ಡ ದೊಡ್ಡ ಪಾಠಗಳಿಗೆ ನಮ್ಮಲ್ಲಿ ಬೇರೆ ಮೇಷ್ಟ್ರುಗಳಿದ್ದಾರೆ. ಚೂಪು ಬೂಟು, ಬೆನ್ನಿಗೆ ಬ್ಯಾಗು. ಇಲ್ಲಿಗಿಂತ ಒಳ್ಳೆಯ ಕಡೆ ಕೆಲಸ ಸಿಕ್ಕ ಮರುದಿನವೇ ಮಾಯ. ಡಬ್ಬಿ ಮೇಷ್ಟ್ರು ಮಾತ್ರ ಗೋಡೆಯ ಗಿಲಾವಿನ ಹಾಗೆ ಇಲ್ಲೇ ಅಂಟಿಕೊಂಡಿದ್ದಾರೆ. ಪ್ರೋಗ್ರಾಮಿಂಗ್ ಎಂದರೆ ತಿನ್ನುವುದೋ ಉಡುವುದೋ ಎಂದು ಗೊತ್ತಿಲ್ಲದವರಿಗೆ ಅ ಆ ಇ ಈ ಹೇಳಿಕೊಡುವುದು ಅವರ ಕೆಲಸ. ಮೊದಲ ಪಾಠ ವೇರಿಯಬಲ್. ಅದಕ್ಕೆ ಅವರು ಮನೆಯಿಂದ ಅಡಿಗೆಮನೆಯ ಡಬ್ಬಿಗಳನ್ನು ಚೀಲದಲ್ಲಿ ಹೊತ್ತು ತರುತ್ತಾರೆ. ಹೆಸರು ಬಂದದ್ದು ಅಲ್ಲಿಂದ. ತಮ್ಮನ್ನು ಹಾಗೆ ಕರೆಯುತ್ತಾರೆಂದು ಅವರಿಗೂ ಗೊತ್ತು. ಬೇಸರವಿಲ್ಲ.

ಡಬ್ಬಿಗಳ ಮೇಲೆ ಬಿಳಿ ಕಾಗದದ ಚೀಟಿ, ದುಂಡನೆಯ ಅಕ್ಷರದಲ್ಲಿ ಹೆಸರು. ಸಕ್ಕರೆ, ಉಪ್ಪು, ಅಕ್ಕಿ, ಮೆಣಸು.

"ವೇರಿಯಬಲ್ ಅಂದ್ರೆ ಡಬ್ಬಿ. ಹೆಸರು ಹೊರಗಿರುತ್ತೆ, ಬೆಲೆ ಒಳಗಿರುತ್ತೆ. ಯಾರಾದ್ರೂ ಬಂದು ಸಕ್ಕರೆ ಡಬ್ಬಿ ತೆಗೀರಿ ನೋಡೋಣ."

ಯಾರೋ ಒಬ್ಬಳು ಬಂದು ತೆಗೆಯುತ್ತಾಳೆ. ಒಳಗೆ ಅಂಗಿ ಗುಂಡಿಗಳು. ಉಪ್ಪಿನ ಡಬ್ಬಿಯಲ್ಲಿ ಮಾತ್ರೆ. ಅಕ್ಕಿಯ ಡಬ್ಬಿಯಲ್ಲಿ ಫ್ಯೂಸ್ ತಂತಿ, ಒಡೆದ ಪ್ಲಗ್ಗು. ತರಗತಿ ಗೊಳ್ಳೆನ್ನುತ್ತದೆ.

"ನಕ್ಕಿದ್ದಾಯ್ತಾ? ಕಂಪ್ಯೂಟರ್ ನಗಲ್ಲ. ನೀವು ಸಕ್ಕರೆ ಅಂತ ಹೆಸರಿಟ್ಟು ಗುಂಡಿ ಹಾಕಿದ್ರೆ ಅದು ಗುಂಡಿನೇ ಕೊಡುತ್ತೆ, ನೀವು ಟೀಗೆ ಹಾಕ್ಕೊಂಡು ಕುಡೀರಿ. ಹೆಸರು ಮನುಷ್ಯರಿಗೋಸ್ಕರ. ಅದಕ್ಕೇ ಸರಿಯಾಗಿ ಇಡಿ." ಆಮೇಲೆ ಗುಂಡಿಗಳನ್ನು ಮೇಜಿಗೆ ಸುರಿದು ಅದೇ ಡಬ್ಬಿಗೆ ಸೀಮೆಸುಣ್ಣ ಹಾಕುತ್ತಾರೆ. "ಈಗ ಒಳಗೆ ಏನಿದೆ? ಸೀಮೆಸುಣ್ಣ. ಮೊದಲು ಏನಿತ್ತು ಅಂತ ಡಬ್ಬೀನ ಕೇಳಿದ್ರೆ ಹೇಳುತ್ತಾ? ಇಲ್ಲ. ಹೊಸದು ಬಂತು, ಹಳೇದು ಹೋಯ್ತು. ಡಬ್ಬಿಗೆ ನೆನಪಿರಲ್ಲ. ಹಳೇದೂ ಬೇಕು ಅಂದ್ರೆ ಅದಕ್ಕೆ ಬೇರೆ ಡಬ್ಬಿ ಇಡಬೇಕು."

ಈ ಮಾತನ್ನು ಪ್ರತಿ ತಂಡಕ್ಕೂ ಹೇಳುತ್ತಾರೆ. ಪ್ರತಿ ಸಲ ಹೇಳಿ ಮುಗಿಸಿದ ಮೇಲೆ ಒಂದು ಗುಟುಕು ನೀರು ಕುಡಿಯುತ್ತಾರೆ.

ಒಂದು ದಿನ ಅವರ ಚೀಲದ ಹಿಡಿ ಕಿತ್ತು ಡಬ್ಬಿಗಳೆಲ್ಲ ಮೆಟ್ಟಿಲ ಮೇಲೆ ದಡಬಡ ಉರುಳಿದವು. ಕನ್ನಡಕದವನು ಭೂಕಂಪವೇ ಆಯಿತೆಂದು ಹೊರಗೆ ಓಡಿಬಂದ. ಅರ್ಧ ಡಬ್ಬಿಗಳನ್ನು ನಾನು ಎತ್ತಿಕೊಂಡು ಮೇಷ್ಟ್ರ ಮನೆಯವರೆಗೆ ಹೋದೆ. ಹಿಂದಿನ ಬೀದಿಯಲ್ಲಿ, ಬೈಂಡಿಂಗ್ ಅಂಗಡಿಯ ಮೇಲೆ ಎರಡು ಕೋಣೆ. ಒಂದರಲ್ಲಿ ಮಂಚ, ಎರಡು ಕುರ್ಚಿ. ಒಂದು ಕುರ್ಚಿಯ ಮೇಲೆ ಕೂರುತ್ತಾರೆ, ಇನ್ನೊಂದರ ಮೇಲೆ ಮಡಚದ ಬಟ್ಟೆ. ಅಡಿಗೆಮನೆಯಲ್ಲಿ ಒಂದು ಲೋಟ ಒದ್ದೆಯಾಗಿತ್ತು. ಇನ್ನೊಂದು ಬೋರಲಾಗಿ ಕೂತು ಎಷ್ಟು ಕಾಲವಾಗಿತ್ತೋ, ತಳದ ಸುತ್ತ ದೂಳು ಉಂಗುರ ಕಟ್ಟಿತ್ತು. ನಡುಕೋಣೆಯ ಗೋಡೆಯಲ್ಲಿ ಒಂದು ಮೊಳೆ, ಮೊಳೆಯ ಕೆಳಗೆ ದುಂಡಗೆ ತಟ್ಟೆಯಗಲ ಜಾಗ ಮಾತ್ರ ಬಣ್ಣ ಮಾಸದೆ ಉಳಿದಿತ್ತು.

"ಇಲ್ಲೇನಿತ್ತು ಸಾರ್?"

"ಗಡಿಯಾರ. ಅಕ್ಕ ರಿಪೇರಿಗೆ ತಗೊಂಡು ಹೋದಳು."

"ಇನ್ನೂ ರಿಪೇರಿ ಆಗಿಲ್ವಾ?"

ಮೇಷ್ಟ್ರು ಡಬ್ಬಿಗಳನ್ನು ಸಾಲಾಗಿ ಜೋಡಿಸುತ್ತ ನಿಂತರು. ಕುರ್ಚಿಯ ಬಟ್ಟೆಯನ್ನು ಮಂಚದ ಮೇಲೆ ಎಸೆದು ನನ್ನನ್ನು ಕೂರಿಸಿದರು, ಬೋರಲು ಲೋಟವನ್ನು ತೊಳೆದು ಟೀ ಕೊಟ್ಟರು. ಆ ಟೀ ಕುಡಿಯುವಷ್ಟರಲ್ಲಿ ವಿಷಯವೆಲ್ಲ ಬಂತು. ಬಹಳ ದಿನದಿಂದ ಯಾರೂ ಆ ಕುರ್ಚಿಯಲ್ಲಿ ಕೂತಿರಲಿಲ್ಲವೆಂದು ಕಾಣುತ್ತದೆ.

ಅವರಿಗೆ ಬುದ್ಧಿ ಬರುವ ಮೊದಲೇ ತಾಯಿ ಹೋದರು. ಸಾಕಿದವಳು ಅಕ್ಕ. ಕೆಳಗಿನ ಬೈಂಡಿಂಗ್ ಅಂಗಡಿಯಲ್ಲೇ ಪುಸ್ತಕಕ್ಕೆ ರಟ್ಟು ಅಂಟಿಸುತ್ತ ತಮ್ಮನನ್ನು ಓದಿಸಿದಳು. ತಮ್ಮನಿಗೊಂದು ನೆಲೆಯಾಗಲಿ ಎಂದು ಅಕ್ಕ ಮದುವೆಯಾಗಲಿಲ್ಲ. ಅಕ್ಕನದು ಆಗಲಿ ಎಂದು ತಮ್ಮನೂ ಆಗಲಿಲ್ಲ. ನೀನು ಮೊದಲು, ನೀನು ಮೊದಲು ಎಂದು ಬಾಗಿಲಲ್ಲೇ ನಿಂತು ಇಬ್ಬರ ಬಸ್ಸೂ ಹೋಯಿತು. ಹಾಗೆಂದು ಅಳುಮೋರೆಯ ಮನೆಯೇನಲ್ಲ. ಅಕ್ಕನ ಬಾಯಿ ಜೋರು. ತಮ್ಮ ಕಂಪ್ಯೂಟರ್ ಪಾಠ ಶುರು ಮಾಡಿದಾಗ, "ಡಬ್ಬಿ ತಗೊಂಡು ಹೋಗಿ ತೋರಿಸು, ನಿನ್ನ ಬಾಯಿಮಾತಲ್ಲಿ ಯಾರಿಗೂ ತಿಳಿಯಲ್ಲ" ಎಂದವಳೇ ಅವಳು. ಚೀಟಿಗಳ ಮೇಲಿನ ದುಂಡನೆಯ ಅಕ್ಷರವೂ ಅವಳದೇ.

ಒಂದು ಸಲ ಗೋಡೆ ಗಡಿಯಾರ ನಿಂತಿತು. ಅಕ್ಕ ಅದನ್ನು ಪಕ್ಕದ ಊರಿನ ಗಡಿಯಾರದಂಗಡಿಗೆ ಒಯ್ದಳು. ಅಂಗಡಿಯವರು ಹೆಂಡತಿ ತೀರಿಕೊಂಡವರು, ಒಬ್ಬರೇ ಇರುವವರು. ಗಡಿಯಾರಕ್ಕೆ ಏನೇನೋ ತೊಂದರೆ ಕಾಣಿಸುತ್ತ ಹೋಯಿತು, ಅಕ್ಕ ವಿಚಾರಿಸಲು ಹೋಗುತ್ತ ಇದ್ದಳು. ಒಂದು ಸಂಜೆ ಅನ್ನ ಬಡಿಸುತ್ತ, "ನಾನು ಮದುವೆ ಮಾಡ್ಕೋತೀನಿ ಕಣೋ" ಎಂದಳು.

"ಈ ವಯಸ್ಸಲ್ಲಾ? ಜನ ನಗ್ತಾರೆ."

"ಜನ ನಗಲಿ. ನೀನು ನಗ್ತೀಯಾ?"

ಮೇಷ್ಟ್ರು ನಗಲಿಲ್ಲ. ಅದಕ್ಕಿಂತ ಕೆಟ್ಟದ್ದನ್ನು ಮಾಡಿದರು. "ಮಾಡ್ಕೋ. ನನಗೆ ಅಕ್ಕ ಇಲ್ಲ ಅಂದ್ಕೋತೀನಿ" ಎಂದರು. ಮರ್ಯಾದೆ, ಜನ, ವಯಸ್ಸು ಎಂದೆಲ್ಲ ಆಡಿದ್ದು ಬಾಯಿಗೆ ಬಂದ ಮಾತು. ನಿಜವಾದ ವಿಷಯ ಆ ಎರಡು ಕೋಣೆಯಲ್ಲಿ ಒಬ್ಬನೇ ಇರಬೇಕಲ್ಲ ಎಂಬ ಹೆದರಿಕೆ. ನನ್ನ ಮುಂದೆ ಅವರೇ ಹೇಳಿಕೊಂಡರು. ಮದುವೆಗೆ ಹೋಗಲಿಲ್ಲ. ಅಕ್ಕ ಫೋನ್ ಮಾಡಿಯಾಳೆಂದು ತಮ್ಮ ನಂಬರನ್ನೂ ಬದಲಾಯಿಸಿದರು. ಮೂಗಿನ ಮೇಲಿನ ಕೋಪ ಎನ್ನುತ್ತೇವಲ್ಲ, ಇವರದು ಮೂಗಿನ ಮೇಲಿಂದ ಇಳಿಯಲು ಮೂರು ವರ್ಷ ಹಿಡಿಯಿತು.

"ಆ ಮಾತು ವಾಪಸ್ ತಗೋಬೇಕಮ್ಮ" ಎಂದರು ಮೇಷ್ಟ್ರು, ಖಾಲಿ ಲೋಟದೊಳಗೆ ನೋಡುತ್ತ. "ಅವಳ ಹತ್ರಾನೇ ಹೇಳಿ ವಾಪಸ್ ತಗೋಬೇಕು. ಅಷ್ಟಾದ್ರೆ ಸಾಕು."

"ಹಾಗಾದ್ರೆ ಫೋನ್ ಮಾಡಿ. ಅದಕ್ಕೇನು ಮುಹೂರ್ತ ನೋಡ್ಬೇಕಾ?" ಎಂದೆ ನಾನು. ಇದೇ ನಾನು ಕೆದಕಿದ್ದು.

ಮುಂದಿನ ಶನಿವಾರ ಮಧ್ಯಾಹ್ನ ಹೊಸಬರ ಪಾಠ ಮುಗಿದ ಮೇಲೆ ಮೇಷ್ಟ್ರು ನನ್ನ ಮೇಜಿನ ಮುಂದೆ ಬಂದು ನಿಂತರು. ಕೈಯಲ್ಲೇ ಮೊಬೈಲ್ ಇತ್ತು. ಆದರೂ ನಮ್ಮ ಆಫೀಸಿನ ಫೋನೇ ಬೇಕಂತೆ. ಮೊಬೈಲಿನಿಂದ ಮಾಡಿದರೆ ಅಕ್ಕನಿಗೆ ಹೊಸ ನಂಬರ್ ಸಿಕ್ಕಿಬಿಡುತ್ತದೆ, ಸೋತ ಹಾಗಾಗುತ್ತದೆ. ಸೋಲಲು ಹೊರಟವರಿಗೆ ಇಷ್ಟೊಂದು ಬಿಂಕ. ಭಾವನ ಗಡಿಯಾರದಂಗಡಿಯ ನಂಬರ್ ಬಾಯಿಪಾಠ.

"ನಂಬರ್ ಎಲ್ಲಿ ಸಿಕ್ತು ಸಾರ್?"

"ಮದುವೆ ಕಾರ್ಡಲ್ಲಿತ್ತು. ಮದುವೆಗೆ ಹೋಗಿಲ್ಲ ಅಷ್ಟೆ. ಕಾರ್ಡ್ ಓದಿದ್ದೆ."

ನಂಬರ್ ಒತ್ತಿದರು. ಬೆನ್ನು ನೆಟ್ಟಗಾಯಿತು. "ಹಲೋ. ಅಕ್ಕ ಇದ್ದಾಳಾ? ನಾನು ತಮ್ಮ." ಆ ಕಡೆಯಿಂದ ಏನೋ ಒಂದು ಸಣ್ಣ ಮಾತು. "ಸರಿ. ಬಂದ ಮೇಲೆ ಹೇಳಿ, ತಮ್ಮ ಮಾಡಿದ್ದ ಅಂತ." ಫೋನ್ ಇಟ್ಟೇಬಿಟ್ಟರು.

"ಏನಂತೆ ಸಾರ್?"

"ಇಲ್ಲವಂತೆ."

ಅದರ ಮುಂದಿನ ಶನಿವಾರವೂ ಅದೇ. ಅದರ ಮುಂದಿನದೂ ಅದೇ. "ಅಕ್ಕ ಇದ್ದಾಳಾ?" ಒಂದು ಕ್ಷಣ. "ಸರಿ." ಫೋನ್ ಕೆಳಗೆ. ಯಾರು ಎತ್ತುತ್ತಾರೆ ಎಂದು ಕೇಳಿದರೆ "ಅಂಗಡಿಯವರು" ಎನ್ನುತ್ತಿದ್ದರು. ಭಾವ ಎಂಬ ಮಾತು ಅವರ ಬಾಯಲ್ಲಿ ಬರುತ್ತಿರಲಿಲ್ಲ.

ಇಲ್ಲಿ ಮೇಷ್ಟ್ರ ಇನ್ನೊಂದು ಪಾಠವನ್ನು ಹೇಳಲೇಬೇಕು. ಡಬ್ಬಿಯಾದ ಮೇಲೆ ಬರುವುದು ಡೇಟಾ ಟೈಪು, ಅಂದರೆ ಯಾವ ಡಬ್ಬಿಯಲ್ಲಿ ಯಾವ ಜಾತಿಯ ಸಾಮಾನು. ಅಂಕಿ ಬೇರೆ, ಅಕ್ಷರ ಬೇರೆ. "ಫೋನ್ ನಂಬರ್ ಅಂಕಿಯೋ ಅಕ್ಷರವೋ?" ಎಂದು ಕೇಳುತ್ತಾರೆ. ಎಲ್ಲರೂ ಅಂಕಿ ಎನ್ನುತ್ತಾರೆ. "ಹಾಗಾದ್ರೆ ನಿನ್ನ ನಂಬರಿಗೆ ಅವಳ ನಂಬರ್ ಕೂಡಿಸು. ಏನು ಬರುತ್ತೆ?" ಒಮ್ಮೆ ಹಿಂದಿನ ಬೆಂಚಿನಿಂದ "ಮದುವೆ ಬರುತ್ತೆ ಸಾರ್" ಎಂದು ಉತ್ತರ ಬಂದಿತ್ತು. ಮೇಷ್ಟ್ರೂ ನಕ್ಕಿದ್ದರು. "ಕೂಡೋಕೆ ಕಳೆಯೋಕೆ ಬರದೇ ಇರೋದು ಅಂಕಿ ಥರ ಕಂಡರೂ ಅಕ್ಷರ ಕಣ್ರಪ್ಪಾ. ಅಂಕಿ ಡಬ್ಬಿಗೆ ಹಾಕಿದ್ರೆ ಮುಂದಿರೋ ಸೊನ್ನೇನ ನುಂಗಿ ನೀರು ಕುಡಿಯುತ್ತೆ. ಆಮೇಲೆ ಫೋನ್ ಯಾರ ಮನೆಗೋ ಹೋಗುತ್ತೆ."

ಆಮೇಲೆ ಎಲ್ಲರಿಗೂ ಒಂದು ಚಿಕ್ಕ ಪ್ರೋಗ್ರಾಂ ಬರೆಸುತ್ತಾರೆ. ಒಡಹುಟ್ಟಿದವರು ಎಷ್ಟು ಜನ ಎಂದು ಅದು ಕೇಳಬೇಕು, ಕೂತವರು ಉತ್ತರ ಒತ್ತಬೇಕು. ಪ್ರತಿ ತಂಡದಲ್ಲೂ ಒಬ್ಬರಾದರೂ ‘ಇಲ್ಲ’ ಎಂದು ಒತ್ತುತ್ತಾರೆ. ಪರದೆಯ ತುಂಬ ಕೆಂಪು ಅಕ್ಷರ ಬಂದು ಪ್ರೋಗ್ರಾಂ ನಿಲ್ಲುತ್ತದೆ. ಮೇಷ್ಟ್ರು ಅದಕ್ಕೇ ಕಾಯುತ್ತಿರುತ್ತಾರೆ.

"ಅಂಕಿ ಕೇಳಿದ್ರೆ ಇಲ್ಲ ಅಂತೀರಾ. ಯಾವ ಇಲ್ಲ? ಡಬ್ಬಿಯೊಳಗಿನ ಚೀಟಿಯಲ್ಲಿ ಸೊನ್ನೆ ಬರೆದಿದ್ರೆ ಅದೊಂದು ಇಲ್ಲ, ಎಣಿಸಿ ನೋಡಿದೀನಿ, ಒಬ್ಬರೂ ಇಲ್ಲ ಅಂತ. ಚೀಟಿ ಇದೆ, ಚೀಟಿಯಲ್ಲಿ ಏನೂ ಬರೆದಿಲ್ಲ, ಅದು ಖಾಲಿ. ಚೀಟೀನೇ ಹಾಕಿಲ್ಲ, ಅದು ನಲ್. ಬಂದಿದಾನಾ ಅಂತ ಕೇಳಿದ್ರೆ ಇಲ್ಲ ಅಂತೀರಲ್ಲ, ಅದು ಇನ್ನೊಂದು. ಅಲ್ಲಿರೋದು ಎರಡೇ, ನಿಜ ಅಥವಾ ಸುಳ್ಳು. ನಮ್ಮ ಬಾಯಲ್ಲಿ ನಾಲ್ಕಕ್ಕೂ ಒಂದೇ ಮಾತು. ಮನುಷ್ಯರು ಮುಖ ನೋಡಿ ತಿಳ್ಕೋತಾರೆ, ಕಂಪ್ಯೂಟರಿಗೆ ಮುಖ ಕಾಣಲ್ಲ. ಯಾರಾದ್ರೂ ಇಲ್ಲ ಅಂದ್ರೆ ಮೊದಲು ಕೇಳಿ, ಯಾವ ಇಲ್ಲ ಅಂತ."

ಇದು ನಮ್ಮ ಕೇಂದ್ರದಲ್ಲಿ ತಮಾಷೆಯ ಮಾತಾಗಿಬಿಟ್ಟಿತ್ತು. ಮೇಷ್ಟ್ರು "ಹಾಲು ಇದೆಯೇನಮ್ಮ?" ಎಂದರೆ ನಾನು "ಇಲ್ಲ ಸಾರ್" ಎನ್ನುವುದು, ಅವರು "ಯಾವ ಇಲ್ಲ?" ಎನ್ನುವುದು, ನಾನು "ಸೊನ್ನೆ ಇಲ್ಲ ಸಾರ್, ಪಾತ್ರೆ ತೊಳೆದಿಟ್ಟಿದೀನಿ" ಎನ್ನುವುದು.

ಹೀಗೆ ಊರಿಗೆಲ್ಲ ಪಾಠ ಹೇಳಿದ ಮನುಷ್ಯ ಫೋನಿನಲ್ಲಿ ಮಾತ್ರ ಎರಡನೆಯ ಪ್ರಶ್ನೆಯನ್ನು ಕೇಳುತ್ತಿರಲಿಲ್ಲ. ಎಲ್ಲಿಗೆ ಹೋಗಿದ್ದಾಳೆ, ಎಷ್ಟು ಹೊತ್ತಿಗೆ ಬರುತ್ತಾಳೆ, ಒಂದೂ ಇಲ್ಲ. ನನಗೆ ತಡೆಯಲಾಗಲಿಲ್ಲ.

"ಪ್ರತಿ ಶನಿವಾರಾನೂ ಅದೇ ಹೊತ್ತಿಗೆ ಅಲ್ಲಿರಲ್ಲ ಅಂದ್ರೆ ಹೇಗೆ ಸಾರ್? ಕೇಳಬಾರ್ದಾ?"

"ಕೇಳೋದೇನಿದೆ. ಅವಳು ಅಲ್ಲೇ ಇರ್ತಾಳೆ." ಮೇಷ್ಟ್ರ ಮುಖದಲ್ಲಿ ಸಣ್ಣ ನಗು ಬಂತು. "ಅವರ ಪಕ್ಕದಲ್ಲೇ ಸ್ಟೂಲ್ ಮೇಲೆ ಕೂತಿರ್ತಾಳೆ. ನನ್ನ ದನಿ ಕೇಳಿದ ತಕ್ಷಣ ಕೈ ಆಡಿಸ್ತಾಳೆ, ಇಲ್ಲ ಅನ್ನು, ಇಲ್ಲ ಅನ್ನು ಅಂತ. ಅವರು ಪಾಪ ಅವಳು ಹೇಳಿದ ಹಾಗೆ ಹೇಳ್ತಾರೆ. ಅವಳು ಹಾಗೇನೇ. ಚಿಕ್ಕವನಿದ್ದಾಗ ನಾನು ಮುನಿಸ್ಕೊಂಡ್ರೆ ಒಂದು ಗಂಟೆ, ಅವಳು ಮುನಿಸ್ಕೊಂಡ್ರೆ ಒಂದು ವಾರ. ಇಳಿಯುತ್ತೆ ಬಿಡು. ಒಂದು ಶನಿವಾರ ಫೋನ್ ಕಿತ್ಕೊಂಡು ಬೈತಾಳೆ ನೋಡು."

ಹಾಗೆ ಬೈಸಿಕೊಳ್ಳುವ ಆಸೆಗೇ ಅವರು ವಾರವೆಲ್ಲ ಬದುಕುತ್ತಿದ್ದರು ಎಂದು ನನಗೆ ಅನಿಸುತ್ತಿತ್ತು. ಶನಿವಾರ ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬರುತ್ತಿದ್ದರು. ಫೋನಿನಲ್ಲಿ ಅಂಗಿ ಕಾಣುತ್ತದೆಯೇ? ಭಾನುವಾರ ನಮಗೆ ರಜೆ. ಸೋಮವಾರ ಬಂದವರನ್ನು ನಿನ್ನೆ ಏನು ಮಾಡಿದಿರಿ ಎಂದು ಕೇಳಿದರೆ, "ಏನಿಲ್ಲಮ್ಮ, ಮಲಗಿದ್ದೆ" ಎನ್ನುತ್ತಿದ್ದರು. ಆ ಎರಡು ಕೋಣೆ ಕಣ್ಣಿಗೆ ಬರುತ್ತಿತ್ತು. ಅಂಥ ಭಾನುವಾರಗಳು ನನಗೂ ಗೊತ್ತು, ಆದರೆ ನನ್ನ ಕಥೆ ಇಲ್ಲಿ ಬೇಡ.

ಹೀಗೇ ಕೆಲವು ತಿಂಗಳು ಕಳೆದ ಮೇಲೆ ಒಂದು ಶನಿವಾರ ಮೇಷ್ಟ್ರು ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡು ಬಂದರು. ಗಂಟಲು ಕಟ್ಟಿ ದನಿಯೇ ಹೊರಡುತ್ತಿರಲಿಲ್ಲ. ಪಾಠವನ್ನೆಲ್ಲ ಬೋರ್ಡಿನ ಮೇಲೆ ಬರೆದೇ ಮುಗಿಸಿದರು. ಎಲ್ಲರೂ ಹೋದ ಮೇಲೆ ನನ್ನ ಮೇಜಿನ ಮುಂದೆ ಬಂದು ಫೋನಿನ ಕಡೆ ಕೈ ತೋರಿಸಿದರು, ಆಮೇಲೆ ನನ್ನ ಕಡೆ.

"ನಾನು ಮಾಡ್ಲಾ?"

ತಲೆ ಆಡಿಸಿದರು. ಬಗ್ಗಿ ಗುಸುಗುಸು ದನಿಯಲ್ಲಿ, "ತಮ್ಮನ ಆಫೀಸಿಂದ ಅನ್ನು. ಈ ವಾರ ತಪ್ಪಿಸಿದ್ರೆ ಕೋಪ ಬಂತು ಅಂದ್ಕೋತಾಳೆ" ಎಂದರು. ನಂಬರನ್ನು ಅವರೇ ಒತ್ತಿದರು.

ಆ ಕಡೆ ಫೋನ್ ಎತ್ತಿದರು. ಮೊದಲು ಕೇಳಿಸಿದ್ದು ಗಡಿಯಾರಗಳ ಸದ್ದು, ಗೋಡೆಯ ತುಂಬ ಇರಬೇಕು, ಒಂದಕ್ಕೊಂದು ತಾಳ ಸೇರದೆ ಟಿಕಟಿಕ ಎನ್ನುತ್ತಿದ್ದವು. ಆಮೇಲೆ ವಯಸ್ಸಾದ ಒಂದು ದನಿ, "ಹೇಳಿ" ಎಂದಿತು.

"ಅಕ್ಕ ಇದ್ದಾರಾ? ಅವರ ತಮ್ಮನ ಆಫೀಸಿಂದ ಮಾತಾಡ್ತಿದೀನಿ."

"ಇಲ್ಲ."

ಬೇರೆ ಯಾರಾದರೂ ಆಗಿದ್ದರೆ ಸರಿ ಎಂದು ಇಟ್ಟುಬಿಡುತ್ತಿದ್ದರು. ಆದರೆ ‘ಇಲ್ಲ’ ಎಂಬ ಉತ್ತರಕ್ಕೆ ಬಗ್ಗುವ ಕೆಲಸವಲ್ಲ ನನ್ನದು. ಫೀಸು ಕಟ್ಟದವರ ಮನೆಗೆ ಫೋನ್ ಮಾಡಿ ಮಾಡಿ ನಾಲಿಗೆ ಹರಿತವಾಗಿದೆ. ಅದಕ್ಕಿಂತ ಹೆಚ್ಚಾಗಿ, ಇಸ್ತ್ರಿ ಅಂಗಿ ಹಾಕಿಕೊಂಡು ಎದುರಿಗೆ ನಿಂತ ಈ ಮನುಷ್ಯನನ್ನು ನೋಡಿ ನನಗೆ ಆ ಅಕ್ಕನ ಮೇಲೆ ಸಿಟ್ಟು ಬಂದಿತ್ತು. ಇಷ್ಟು ತಿಂಗಳಾಯಿತು, ಎಂಥ ಕಲ್ಲು ಮನಸ್ಸು ಎಂದು.

"ಇಲ್ಲ ಅಂದ್ರೆ ಯಾವ ಇಲ್ಲ ಸಾರ್?" ಎಂದೆ. "ಹೊರಗೆ ಹೋಗಿದಾರಾ, ಅಥವಾ ಒಳಗೆ ಕೂತ್ಕೊಂಡೇ ಇಲ್ಲ ಅನ್ನಿಸ್ತಿದಾರಾ?"

ಆ ಕಡೆ ಗಡಿಯಾರಗಳು ಮಾತ್ರ ನಡೆಯುತ್ತಿದ್ದವು.

"ಅಮ್ಮಾ," ಎಂದರು ಅವರು ನಿಧಾನವಾಗಿ, "ಅವಳು ತೀರಿಕೊಂಡು ವರ್ಷ ಆಗ್ತಾ ಬಂತು."

ನಾಲಿಗೆ ಕಚ್ಚಿಕೊಂಡೆ. ಮೇಷ್ಟ್ರು ನನ್ನ ಮುಖವನ್ನೇ ನೋಡುತ್ತಿದ್ದರು. ಅವರ ಕಡೆ ಬೆನ್ನು ಮಾಡಲೂ ಆಗಲಿಲ್ಲ, ಫೋನ್ ಇಡಲೂ ಆಗಲಿಲ್ಲ.

"ಮೊದಲನೇ ಸಲಾನೇ ಹೇಳಿದೆ, ಅವಳು ಇಲ್ಲ ಅಂತ," ಅವರು ತಾವಾಗಿಯೇ ಹೇಳತೊಡಗಿದರು. ಬಹಳ ದಿನದಿಂದ ಬಾಯಲ್ಲೇ ಇಟ್ಟುಕೊಂಡಿದ್ದ ಮಾತು. "ಅವಳು ಹೋದಾಗ ಅವಳ ತಮ್ಮನ ನಂಬರಿಗೆ ಮಾಡಿದ್ದೆ, ಚಾಲ್ತಿಯಲ್ಲಿಲ್ಲ ಅಂತ ಬಂತು. ಮದುವೆಗೇ ಬರದವರ ಬಾಗಿಲಿಗೆ ಹೋಗೋಕೆ ಧೈರ್ಯ ಆಗ್ಲಿಲ್ಲ. ಆಮೇಲೆ ಯಾರಿಂದಲೋ ವಿಷಯ ತಿಳಿದು ಮಾಡಿದಾರೆ ಅಂದ್ಕೊಂಡೆ. ಅವರು ನೋಡಿದ್ರೆ ಬಂದ ಮೇಲೆ ಹೇಳಿ ಅಂದ್ರು, ಇಟ್ಟುಬಿಟ್ರು. ಮುಂದಿನ ವಾರ ಬಿಡಿಸಿ ಹೇಳೋಣ ಅಂದ್ಕೊಂಡೆ. ಮುಂದಿನ ವಾರ ಅಕ್ಕ ಇದ್ದಾಳಾ ಅಂತ ಕೇಳಿದ್ರು. ಆ ಮಾತು ಕೇಳೋಕೆ ಚೆನ್ನಾಗಿತ್ತಮ್ಮ. ಅವಳು ಇಲ್ಲೇ ಎಲ್ಲೋ ತರಕಾರಿಗೆ ಹೋದ ಹಾಗೆ. ಈ ಅಂಗಡಿಯಲ್ಲಿ ಅವಳನ್ನ ಕೇಳಿಕೊಂಡು ಬರೋರು ಇನ್ಯಾರೂ ಇಲ್ಲ. ನಾನು ಸುಳ್ಳು ಹೇಳಿಲ್ಲ. ಇಲ್ಲ ಅಂತಲೇ ಹೇಳಿದೀನಿ."

ಹೌದು, ಅವರು ಹೇಳಿದ್ದು ನಿಜ. ಅದನ್ನು ಸುಳ್ಳಿನ ಡಬ್ಬಿಗೆ ಹಾಕಿಕೊಂಡವರು ಮೇಷ್ಟ್ರು. ತಾವು ಪಾಠದಲ್ಲಿ ಎಣಿಸುತ್ತಿದ್ದ ನಾಲ್ಕು ಇಲ್ಲಗಳಲ್ಲಿ ಈ ಐದನೆಯದು ಇರಲೇ ಇಲ್ಲ. ಊರಿನಲ್ಲಿ ಎಲ್ಲರಿಗೂ ಗೊತ್ತಿರುವ ಇಲ್ಲ ಇದು, ನಮ್ಮಪ್ಪ ಈಗಿಲ್ಲ ಎನ್ನುವಾಗ ಮಗುವೂ ಆಡುವ ಇಲ್ಲ. ಅದೊಂದನ್ನು ಬಿಟ್ಟು ಉಳಿದದ್ದೆಲ್ಲ ಅವರಿಗೆ ಹೊಳೆದಿತ್ತು.

ಮೇಷ್ಟ್ರು ಕೈ ಚಾಚಿದರು. ನನ್ನ ಮುಖ ಓದಿ ಆಗಿತ್ತು. ರಿಸೀವರ್ ಕೊಟ್ಟೆ. ಕಿವಿಗೆ ಹಿಡಿದರು. ತುಟಿ ಅಲುಗುತ್ತಿತ್ತು, ದನಿ ಇರಲಿಲ್ಲ. ಕೊನೆಗೆ ಗಾಳಿಯಂಥ ಒಂದು ಮಾತು ಹೊರಗೆ ಬಂತು.

"ಭಾವ."

ಆ ಕಡೆಯವರಿಗೆ ಕೇಳಿಸಿತೋ ಇಲ್ಲವೋ. ಮೇಷ್ಟ್ರು ಇನ್ನೊಂದು ಸಲ ಹೇಳಿದರು. ಆಮೇಲೆ ಬರೀ ಕೇಳುತ್ತ ಹೋದರು, ನಡುನಡುವೆ ತಲೆ ಆಡಿಸುತ್ತ, ಆ ಕಡೆಯವರಿಗೆ ಕಾಣುತ್ತದೆ ಎಂಬಂತೆ. ನಾನು ಎದ್ದು ಕಂಪ್ಯೂಟರ್ ಕೋಣೆಗೆ ಹೋದೆ. ಅಲ್ಲಿ ಬೋರ್ಡಿನ ಮೇಲೆ ಅವರು ಬರೆದದ್ದು ಹಾಗೇ ಇತ್ತು. ಅಕ್ಕ ಬರಾಬರಿ ಒಂದು ಎಂದಿತ್ತು. ಆ ದಿನದ ಪ್ರೋಗ್ರಾಮಿಗೆ ತಮ್ಮದೇ ಉದಾಹರಣೆ ಕೊಟ್ಟಿದ್ದರು. ಅದನ್ನು ಒರೆಸುವುದು ನನ್ನ ಕೆಲಸ. ಒರೆಸಲಿಲ್ಲ.

ಸೋಮವಾರ ಮೇಷ್ಟ್ರು ಬರಲಿಲ್ಲ. ಪಕ್ಕದ ಊರಿಗೆ ಹೋದರು ಎಂದು ಕನ್ನಡಕದವನು ಹೇಳಿದ. ಅವನು ನೋಡಿದಾಗ ಬಸ್ ಸ್ಟಾಪಿನಲ್ಲಿ ಕೈಚೀಲ ಹಿಡಿದು ಕೂತಿದ್ದರಂತೆ, ಎರಡು ಬಸ್ಸು ಬಂದರೂ ಹತ್ತದೆ. ಮೂರನೆಯದಕ್ಕೆ ಹತ್ತಿರಬೇಕು. ವಾರ ಕಳೆದು ಬಂದವರಿಗೆ ಗಂಟಲು ಬಿಟ್ಟಿತ್ತು, ಕಣ್ಣು ಒಳಕ್ಕೆ ಹೋಗಿದ್ದವು. ನಾನು ಟೀ ಮಾಡಿ ಎದುರಿಗಿಟ್ಟೆ.

"ಗಡಿಯಾರ ಅಲ್ಲೇ ಇದೆಯಮ್ಮ, 'ಇದು ನಿಮ್ಮನೇದು, ತಗೊಂಡು ಹೋಗಿ' ಅಂದ್ರು. ಬೇಡ, ಇಲ್ಲೇ ನಡೀತಾ ಇರಲಿ, ನೋಡೋಕೆ ಬರ್ತಿರ್ತೀನಿ ಅಂದೆ." ಟೀ ಆರುತ್ತಿತ್ತು. "ಆ ಮಾತು ವಾಪಸ್ ತಗೊಳ್ಳೋಕೆ ಆಗ್ಲಿಲ್ಲ. ಇನ್ನು ಆಗೋದೂ ಇಲ್ಲ. ನಾನು ಅಕ್ಕ ಇಲ್ಲ ಅಂದ್ಕೊಂಡು ಕೂತಿದ್ನಲ್ಲ, ಅಲ್ಲಿ ಯಾರಾದ್ರೂ ಒಡಹುಟ್ಟಿದವರು ಎಷ್ಟು ಜನ ಅಂತ ಕೇಳಿದ್ರೆ ಅವಳು ಹೇಳ್ತಿದ್ದಳಂತೆ, ಒಬ್ಬ ತಮ್ಮ ಇದ್ದಾನೆ, ಕಂಪ್ಯೂಟರ್ ಮೇಷ್ಟ್ರು ಅಂತ. ಆಸ್ಪತ್ರೆಯಲ್ಲೂ ಹಾಗೇ ಹೇಳಿದಳಂತೆ. ಇದ್ದಾನೆ ಅಂತಲೇ."

ಅಷ್ಟು ಹೇಳಿ ಎದ್ದು ಹೋಗಿ ಬಾಗಿಲ ಹಿಂದೆ ನಿಂತು ಅತ್ತರು. ಐವತ್ತು ದಾಟಿದ ಗಂಡಸು ಅಳುವುದನ್ನು ನಾನು ಹತ್ತಿರದಿಂದ ಕೇಳಿದ್ದು ಅದೇ ಮೊದಲು. ಸಮಾಧಾನ ಹೇಳುವ ಧೈರ್ಯ ಬರಲಿಲ್ಲ. ಆ ಹೊತ್ತಿಗೆ ಯಾರೋ ಫೀಸು ವಿಚಾರಿಸಲು ಬಂದರು, ನಾನು ಜೋರಾಗಿಯೇ ಮಾತಾಡುತ್ತ ನಿಂತೆ, ಒಳಗಿನ ಸದ್ದು ಹೊರಗೆ ಬರದ ಹಾಗೆ.

ಮುಂದಿನ ತಂಡ ಬಂದಾಗ ಮತ್ತೆ ಡಬ್ಬಿಗಳು ಬಂದವು. "ಯಾರಾದ್ರೂ ಬಂದು ಸಕ್ಕರೆ ಡಬ್ಬಿ ತೆಗೀರಿ." ಒಬ್ಬ ತೆಗೆದ, ಅಕ್ಕನ ದುಂಡನೆಯ ಅಕ್ಷರವಿದ್ದ ಆ ಡಬ್ಬಿಯೊಳಗೆ ಈ ಸಲ ಸಕ್ಕರೆಯೇ ಇತ್ತು. ಯಾರೂ ನಗಲಿಲ್ಲ, ನಗುವಂಥದ್ದು ಏನಿತ್ತು ಅಲ್ಲಿ. ಹಳೇ ಅಭ್ಯಾಸದಲ್ಲಿ ಕೇಳಿಬಿಟ್ಟಿದ್ದ ಮೇಷ್ಟ್ರು ಸ್ವಲ್ಪ ತಡಬಡಾಯಿಸಿ, "ಸರಿ, ಸರಿಯಾದದ್ದೇ ಇದೆ" ಎಂದು ಮುಚ್ಚಳ ಹಾಕಿ, ಗುಂಡಿ ಹಾಕಿದ್ದ ಬೇರೆ ಹೊಸ ಡಬ್ಬಿಯೊಂದನ್ನು ತೆಗೆದುಕೊಂಡರು. ಅದರ ಮೇಲಿನ ಚೀಟಿಯಲ್ಲಿ ಅವರದೇ ಕೋಳಿಕಾಲು ಅಕ್ಷರ.

ಶನಿವಾರ ಮಧ್ಯಾಹ್ನ ಎಲ್ಲರೂ ಮೆಟ್ಟಿಲಿಳಿದು ಹೋದರು. ನಾನು ಬೀಗದ ಕೈ ಎತ್ತಿಕೊಳ್ಳುವಷ್ಟರಲ್ಲಿ ಮೇಷ್ಟ್ರು ಮೇಜಿನ ಮುಂದೆ ಬಂದು ನಿಂತರು. ಇಸ್ತ್ರಿ ಮಾಡಿದ ಅಂಗಿ. ನಾನು ಫೋನನ್ನು ಅವರ ಕಡೆ ತಿರುಗಿಸಿದೆ. ಅವರು ಬೇಡವೆಂದು ಕೈ ಮಾಡಿ ಜೇಬಿನಿಂದ ತಮ್ಮ ಮೊಬೈಲ್ ತೆಗೆದರು. ನಂಬರ್ ಒತ್ತಿ ಕಾದರು.

"ಹಲೋ. ಭಾವ ಇದ್ದಾರಾ?"

ಆ ಅಂಗಡಿಯಲ್ಲಿ ಫೋನ್ ಎತ್ತಲು ಇನ್ಯಾರಿದ್ದಾರೆ ಎಂದು ಇವರು ಹಾಗೆ ಕೇಳಿದರೋ. ಆ ಕಡೆಯಿಂದ ಉತ್ತರ ಬಂತು, ನನಗೂ ಕೇಳಿಸಿತು. ಆಮೇಲೆ ಊಟ ಆಯಿತೇ, ಆಯಿತು, ಅಲ್ಲಿ ಸೆಕೆಯೇ, ಸೆಕೆ. ಅಲ್ಲಿಗೆ ಇಬ್ಬರ ಮಾತಿನ ಸರಕೂ ಮುಗಿಯಿತು. ಆದರೂ ಇಬ್ಬರೂ ಇಡಲಿಲ್ಲ. ಸ್ವಲ್ಪ ಹೊತ್ತು ಸುಮ್ಮನೆ ಗಡಿಯಾರಗಳ ಸದ್ದು ಕೇಳುತ್ತ ನಿಂತಿದ್ದರು ಮೇಷ್ಟ್ರು. ಮೊಬೈಲನ್ನು ಜೇಬಿಗೆ ಹಾಕಿಕೊಂಡು ನನ್ನ ಕಡೆ ತಿರುಗಿದರು.

"ಇದ್ದಾರಮ್ಮ" ಎಂದರು.